ಕೈ ಜಾರಿದ ನಾಯಕ

ಐಪಿಎಲ್ ಪಂದ್ಯದ ಟಾಸ್ ಸಂಜೆ ಏಳಕ್ಕೆ, ಮೊದಲ ಎಸೆತ ಏಳೂವರೆಗೆ. ನಡುವಿನ ಆ ಅರ್ಧ ಗಂಟೆ ನಮ್ಮ ಹಾಸ್ಟೆಲಿನ ಕೋಣೆಯಿಂದ ಯಾರೂ ಊಟಕ್ಕೆ ಏಳುತ್ತಿರಲಿಲ್ಲ. ನಾವು ಐದು ಜನ. ಕೂಡ್ಲಿಗಿಯವನೊಬ್ಬ, ಹಗರಿಬೊಮ್ಮನಹಳ್ಳಿಯವನೊಬ್ಬ, ಹಡಗಲಿಯವನೊಬ್ಬ, ಹರಪನಹಳ್ಳಿಯವನೊಬ್ಬ, ಕೊಟ್ಟೂರು ಕಡೆಯ ನಾನು. ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ 'ಪಶ್ಚಿಮ ತಾಲ್ಲೂಕುಗಳು' ಎಂದು ಒಂದೇ ಗಂಟಿನಲ್ಲಿ ಕಟ್ಟಿ ಹೇಳುತ್ತಿದ್ದ ಸೀಮೆಯವರು. ಹರಪನಹಳ್ಳಿಯವನನ್ನು ಮಾತ್ರ ನಾವು 'ಟ್ರಾನ್ಸ್‌ಫರ್ ಆಟಗಾರ' ಎಂದು ಕಾಡುತ್ತಿದ್ದೆವು. ಅವನ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅವನು ಮನೆಯಿಂದ ಒಂದು ಹೆಜ್ಜೆಯೂ ಆಚೆ ಇಟ್ಟಿರಲಿಲ್ಲ.

ಆ ಅರ್ಧ ಗಂಟೆಯಲ್ಲಿ ನಾವು ಮಾಡುತ್ತಿದ್ದದ್ದು ತಂಡ ಕಟ್ಟುವ ಕೆಲಸ. ಆಡುವ ಎರಡೂ ಕಡೆಯವರಿಂದ ಹನ್ನೊಂದು ಜನರನ್ನು ಆರಿಸಬೇಕು. ಪ್ರತಿ ಆಟಗಾರನಿಗೂ ಒಂದು ಬೆಲೆ. ನಮ್ಮ ಕೈಯಲ್ಲಿರುವುದು 100 ಕ್ರೆಡಿಟ್, ಅಷ್ಟರೊಳಗೆ ಹನ್ನೊಂದು ಜನ ಹಿಡಿಸಬೇಕು. ಅವರಲ್ಲಿ ಒಬ್ಬನನ್ನು ನಾಯಕ ಎಂದು ಗುರುತಿಸಿದರೆ ಅವನು ಗಳಿಸುವ ಅಂಕ ಎರಡು ಪಟ್ಟು, ಉಪನಾಯಕನದು ಒಂದೂವರೆ ಪಟ್ಟು. ಟಾಸ್ ಆದ ಮೇಲೆಯೇ ಯಾರು ಆಡುತ್ತಾರೆ, ಯಾರು ಹೊರಗೆ ಎಂಬುದು ತಿಳಿಯುವುದು. 2023ರಲ್ಲಿ ಇಂಪ್ಯಾಕ್ಟ್ ಆಟಗಾರನ ನಿಯಮ ಬಂದ ಮೇಲಂತೂ ಹೊರಗಿದ್ದವನು ಯಾವಾಗ ಒಳಗೆ ಬರುತ್ತಾನೋ ಎಂಬ ಇನ್ನೊಂದು ಸಂಕಟ. ಏಳೂವರೆಗೆ ಬಾಗಿಲು ಮುಚ್ಚುತ್ತದೆ. ಆಮೇಲೆ ತಿದ್ದುವಂತಿಲ್ಲ.

ನಮ್ಮ ಐವರ ಆಟಕ್ಕೆ ದುಡ್ಡಿನ ಪಣ ಇರಲಿಲ್ಲ. ಸೋತವನು ಉಳಿದವರಿಗೆ ಒಗ್ಗರಣಿ-ಮಿರ್ಚಿ ಕೊಡಿಸಬೇಕು, ಅಷ್ಟೆ. ಆದರೂ ಆ ಅರ್ಧ ಗಂಟೆಯಲ್ಲಿ ನಾನು ಪಡುತ್ತಿದ್ದ ಯೋಚನೆ, ನನ್ನ ಮಹಾಪ್ರಬಂಧದ ಯಾವ ಅಧ್ಯಾಯಕ್ಕೂ ಪಟ್ಟದ್ದಲ್ಲ. ಪಿಚ್ ಯಾವುದು, ಇಬ್ಬನಿ ಬೀಳುತ್ತದೆಯೇ, ಎಡಗೈ ಬ್ಯಾಟರಿಗೆ ಎದುರು ಬೌಲರ್ ಯಾರು, ಮೂರನೇ ಕ್ರಮಾಂಕದವನಿಗೆ ಎಷ್ಟು ಎಸೆತ ಸಿಗಬಹುದು. ಇದರಲ್ಲಿ ಬುದ್ಧಿಯ ಕೆಲಸ ಇಲ್ಲ ಎನ್ನುವವರು ಇದನ್ನು ಆಡಿಲ್ಲ ಎಂದೇ ಅರ್ಥ.

ಆಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರಿಸಿದವನ ಮೇಲಿನ ಪ್ರೀತಿಗಿಂತ ಕೈಬಿಟ್ಟವನ ಮೇಲಿನ ಸಿಟ್ಟು ದೊಡ್ಡದು. ಈ ಆಟದ ಹಿರಿಯಣ್ಣ ಹುಟ್ಟಿದ್ದು ಅಮೆರಿಕದ ಫುಟ್‌ಬಾಲಿನಲ್ಲಿ. 1962ರಲ್ಲಿ ಓಕ್ಲೆಂಡ್ ತಂಡದ ಪಾಲುದಾರನಾಗಿದ್ದ ಬಿಲ್ ವಿಂಕನ್‌ಬಾಕ್ ಎಂಬಾತ ಗೆಳೆಯರೊಂದಿಗೆ ಕೂತು ಅದರ ನಿಯಮ ಬರೆದ. ಅಲ್ಲಿ ಇಡೀ ಋತುವಿಗೆ ಒಂದು ಪಡೆ ಇಟ್ಟುಕೊಂಡು, ಪ್ರತಿ ವಾರ ಅದರಲ್ಲಿ ಯಾರನ್ನು ಇಳಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುತ್ತಾರೆ. ಬೆಂಚಿನಲ್ಲಿ ಕೂತವನು ಅಂದು ಎಷ್ಟು ಚೆನ್ನಾಗಿ ಆಡಿದರೂ ಅವನ ಅಂಕ ನಿಮಗೆ ಸೇರುವುದಿಲ್ಲ. ಅಂದರೆ ನೀವೇ ಇಷ್ಟಪಟ್ಟು ಕೊಂಡ ಆಟಗಾರ ಈ ವಾರ ಸೋಲಲಿ ಎಂದು ನೀವೇ ಹಾರೈಸುತ್ತೀರಿ. ನನಗೂ ಹಾಗೇ ಆಗಿದೆ. ಚಿಕ್ಕಂದಿನಿಂದ ಮೆಚ್ಚಿದ ಆಟಗಾರನನ್ನು ಕ್ರೆಡಿಟ್ ಸಾಲದೆ ಒಂದು ದಿನ ಬಿಟ್ಟೆ. ಅವನು ಬೌಂಡರಿ ಹೊಡೆದಾಗಲೆಲ್ಲ ಮೈ ಉರಿಯಿತು. ಅವನಿಗೆ ನನ್ನ ಗುರುತೇ ಇಲ್ಲ, ನನಗೇನೂ ಅನ್ಯಾಯ ಮಾಡಿಲ್ಲ. ನನ್ನ ತೀರ್ಮಾನ ಸರಿ ಎಂದು ಸಾಬೀತಾಗಲು ಅವನು ಕೆಡಬೇಕಿತ್ತು, ಅಷ್ಟೆ. ಬೇರೆಯವರ ಆಟ ನೋಡುವ ಸುಖವನ್ನು ನನ್ನ ತೀರ್ಮಾನದ ಪರೀಕ್ಷೆಯಾಗಿ ಮಾಡಿಕೊಂಡಿದ್ದೆ.

ಇದು ಸಣ್ಣ ತಪ್ಪು. ದೊಡ್ಡದು ನಡೆದದ್ದು 2023ರ ಮೇ 29ರಂದು.

ಅಂದು ಅಹಮದಾಬಾದಿನಲ್ಲಿ ಗುಜರಾತ್ ಟೈಟನ್ಸ್ ಮತ್ತು ಚೆನ್ನೈ ಸೂಪರ್ ಕಿಂಗ್ಸ್ ನಡುವೆ ಫೈನಲ್. ನಿಜಕ್ಕೆ 28ಕ್ಕೆ ಆಗಬೇಕಿತ್ತು, ಮಳೆಯಿಂದ ಮೀಸಲು ದಿನಕ್ಕೆ ಬಂತು. ನಮ್ಮ ಸೀಮೆಯಲ್ಲಿ ರೋಹಿಣಿ ಮಳೆಗೆ ಮುಖ ಎತ್ತಿ ಕೂತಿದ್ದ ಕಾಲ ಅದು. ಅಲ್ಲಿ ಬೇಡವೆಂದರೂ ಸುರಿಯುತ್ತಿದ್ದ ಮಳೆಯನ್ನು ಟಿವಿಯಲ್ಲಿ ನೋಡುತ್ತಾ ಕೂಡ್ಲಿಗಿಯವನು, 'ಅದನ್ನ ಇತ್ಲಾಗ ಕಳಿಸ್ರಪ್ಪಾ' ಎಂದು ಪರದೆಗೆ ಕೈಮುಗಿದಿದ್ದ.

ನಾಯಕ ಯಾರು ಎಂಬ ಬಗ್ಗೆ ಅಂದು ಯೋಚಿಸುವುದೇ ಇರಲಿಲ್ಲ. ಶುಭ್ಮನ್ ಗಿಲ್ ಆ ಋತುವಿನಲ್ಲಿ ಅದಾಗಲೇ 851 ರನ್ ಹೊಡೆದಿದ್ದ, ಮೂರು ದಿನದ ಹಿಂದೆ ಮುಂಬೈ ಮೇಲೆ 129. ನಾನೂ ಅವನನ್ನೇ ನಾಯಕ ಮಾಡಿದೆ. ಉಪನಾಯಕ ಜಡೇಜ. ಏಳು ಇಪ್ಪತ್ತೈದು ಆಗಿತ್ತು, ಹಾಸ್ಟೆಲಿನ ನೆಟ್‌ವರ್ಕ್ ಎಳೆದಾಡುತ್ತಿತ್ತು, ಪುಟ ತೆರೆಯಲಿಲ್ಲವೆಂದು ಮತ್ತೆ ಮತ್ತೆ ಒತ್ತಿದೆ. ಉಳಿಸು ಎಂಬುದನ್ನು ಒತ್ತಿ, ಪರದೆಯ ಚಿತ್ರ ತೆಗೆದು ಊರಿನಲ್ಲಿದ್ದ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನು ಪ್ರತಿ ಪಂದ್ಯಕ್ಕೂ 'ಯಣ್ಣ, ಟೀಮ್ ಕಳ್ಸು' ಎಂದು ಕೇಳುತ್ತಿದ್ದ. ನಮ್ಮ ಹಾಗೆಯೇ ಸುಮ್ಮನೆ ಆಡುತ್ತಾನೆ ಎಂದುಕೊಂಡಿದ್ದೆ. ಅವನು ದುಡ್ಡು ಹಾಕಿ ಆಡುತ್ತಿದ್ದ.

ಪಂದ್ಯ ಶುರುವಾಗಿ ಅಂಕಗಳ ಪುಟ ತೆರೆದಾಗ ನೋಡಿದೆ. ನಾಯಕನ ಗುರುತು ಗಿಲ್ ಹೆಸರಿನ ಮುಂದೆ ಇರಲಿಲ್ಲ. ಸಾಯಿ ಸುದರ್ಶನ್ ಹೆಸರಿನ ಮುಂದೆ ಇತ್ತು. ಎಲ್ಲೋ ಬೆರಳು ಜಾರಿತ್ತು. ತಿದ್ದುವ ಹೊತ್ತು ಮೀರಿತ್ತು. ನನ್ನನ್ನೇ ಬೈದುಕೊಂಡು ಫೋನನ್ನು ಬೋರಲು ಹಾಕಿದೆ. ಎರಡನೇ ಓವರಿನಲ್ಲಿ, ಗಿಲ್ ಮೂರು ರನ್ ಮಾಡಿದ್ದಾಗ, ದೀಪಕ್ ಚಾಹರ್ ಅವನ ಕ್ಯಾಚ್ ಬಿಟ್ಟ. ಕೋಣೆಯಲ್ಲಿ ನಾಲ್ವರು ಕೇಕೆ ಹಾಕಿದರು. ನಾನು ಒಳಗೊಳಗೇ ಹಲ್ಲು ಕಚ್ಚಿದೆ. ಏಳೂ ಇಪ್ಪತ್ತೈದರವರೆಗೆ ಗಿಲ್ ಗೆಲ್ಲಲಿ ಎನ್ನುತ್ತಿದ್ದವನು, ಏಳೂ ನಲವತ್ತಕ್ಕೆ ಅವನು ಔಟಾಗಲಿ ಎನ್ನುತ್ತಿದ್ದೆ. ನಡುವೆ ಬದಲಾದದ್ದು ನನ್ನ ಬೆರಳು ಮುಟ್ಟಿದ ಜಾಗ ಮಾತ್ರ.

ಮುಂದಿನದು ನಿಮಗೆ ಗೊತ್ತಿರಬಹುದು. ಗಿಲ್ 39ಕ್ಕೆ ಸ್ಟಂಪ್ ಆದ. ಸುದರ್ಶನ್ 47 ಎಸೆತಕ್ಕೆ 96 ಹೊಡೆದ. ಆಮೇಲೆ ಮಳೆ ಬಂತು, ಗುರಿ 15 ಓವರಿಗೆ 171 ಎಂದಾಯಿತು, ನಡುರಾತ್ರಿ ದಾಟಿದ ಮೇಲೆ ಕೊನೆಯ ಎರಡು ಎಸೆತಕ್ಕೆ ಜಡೇಜ ಒಂದು ಸಿಕ್ಸ್, ಒಂದು ಫೋರ್ ಹೊಡೆದು ಚೆನ್ನೈ ಗೆದ್ದಿತು. ನನ್ನ ನಾಯಕ, ನನ್ನ ಉಪನಾಯಕ. ಹಾಸ್ಟೆಲಿನಲ್ಲಿ ನಾನೇ ಮೊದಲು, ಎರಡನೆಯವನಿಗೂ ನನಗೂ ನಡುವೆ ಹೊಲದಷ್ಟು ಅಂತರ.

'ಸುದರ್ಶನ್‌ನ ಕ್ಯಾಪ್ಟನ್ ಮಾಡ್ಬೇಕು ಅಂತ ಹೆಂಗ ಹೊಳೀತಲೇ ನಿಂಗ?' ಹಡಗಲಿಯವನು ಕೇಳಿದ.

ಕೈ ಜಾರಿತು ಎನ್ನುವುದು ಎರಡು ಪದದ ಕೆಲಸ. ನಾನು ಹೇಳಿದ್ದು ಬೇರೆ. 'ಎಲ್ಲಾರೂ ಗಿಲ್ ಅಂತಾರ ಅಂತ ಗೊತ್ತಿತ್ತು. ಇವ ಎಡಗೈ, ಜಡೇಜನ ಸ್ಪಿನ್ ಇವನಿಗೆ ಒಳಗ ಬರ್ತದ. ಮೂರನೇ ನಂಬರಿನವಗ ಓವರೂ ಸಿಗ್ತಾವ.' ಮಾತು ತಡವರಿಸಲಿಲ್ಲ. ಒಂದೊಂದು ಕಾರಣವೂ ಸರಿಯಾಗಿಯೇ ಇತ್ತು. ಹೇಳುತ್ತಾ ಹೇಳುತ್ತಾ ಅರ್ಧ ನಾನೇ ನಂಬಿದೆ.

ಬೆಳಿಗ್ಗೆ ತಮ್ಮನ ಫೋನು. ತೆರಿಗೆ ಕಳೆದು ಹದಿನೆಂಟು ಸಾವಿರ ಚಿಲ್ಲರೆ ಬಂದಿದೆ ಎಂದ. 'ಯಣ್ಣ, ಅದು ತಲಿ ಅಂದ್ರ ತಲಿ ನೋಡು ನಿಂದು.' ಅವನಿಗೂ ಅದೇ ಕಾರಣ ಹೇಳಿದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು.

ನನ್ನ ಸಂಶೋಧನೆ ಮೈಲಾರದ ಕಾರಣಿಕದ ಮೇಲೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲು ಈ ವರ್ಷದ ಮಳೆ-ಬೆಳೆಯದ್ದೋ, ರಾಜಕೀಯದ್ದೋ, ಏನು ಎಂದು ಜನ ವರ್ಷವಿಡೀ ಬಿಡಿಸುತ್ತಾರೆ. ವರ್ಷ ಮುಗಿದ ಮೇಲೆ ಬಿಡಿಸಿದ ಅರ್ಥ ಸದಾ ಸರಿಯಾಗಿರುತ್ತದೆ. ಮಳೆ ಬಂದಿದ್ದರೆ ಬಂದದ್ದಕ್ಕೆ, ಹೋಗಿದ್ದರೆ ಹೋದದ್ದಕ್ಕೆ. ಇದನ್ನು ನಾನು ಒಂದು ಅಧ್ಯಾಯವಾಗಿ ಬರೆದಿದ್ದೆ, ಸ್ವಲ್ಪ ಮೇಲಿನಿಂದ ನೋಡುವ ಧಾಟಿಯಲ್ಲಿ. ಆ ರಾತ್ರಿ ನಾನು ಮಾಡಿದ್ದೂ ಅದೇ. ಒಂದು ವ್ಯತ್ಯಾಸವಿತ್ತು, ಅದು ನನ್ನ ಪರವಾಗಿ ಇಲ್ಲ. ಗೊರವಯ್ಯ ಆ ನುಡಿ ತನ್ನದು ಎನ್ನುವುದಿಲ್ಲ.

ತಂಡ ಆರಿಸುವುದು ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನು ನಮ್ಮ ನ್ಯಾಯಾಲಯಗಳು ಬಹಳ ಕಾಲ ಹಿಡಿದು ಜಗ್ಗಿವೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು, ಬಿದ್ದ ಎಲೆಗಳನ್ನು ನೆನಪಿಡಬೇಕಲ್ಲ ಎಂದು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಡ್ರೀಮ್ ಇಲೆವೆನ್ನಿನ ಆಟಕ್ಕೂ ಆ ಮುದ್ರೆ ಒತ್ತಿತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿ, ಕೌಶಲವಾಗಲಿ ಅದೃಷ್ಟವಾಗಲಿ ಎರಡೂ ಇರಲಿ, ದುಡ್ಡಿನ ಪಣ ಇದ್ದರೆ ಆಗದು ಎಂದು ಆ ಗೆರೆಯನ್ನೇ ಅಳಿಸಿತು. ಆಮೇಲೆ ಡ್ರೀಮ್ ಇಲೆವೆನ್ ಕೂಡ ದುಡ್ಡಿನ ಸ್ಪರ್ಧೆ ನಿಲ್ಲಿಸಿತು.

ಕಾನೂನಿಗೆ ಎಲ್ಲೋ ಒಂದು ಗೆರೆ ಬೇಕು, ನಿಜ. ಆದರೆ ನನ್ನನ್ನು ಕಾಡುವ ಪ್ರಶ್ನೆಗೆ ಈ ವಾದದಲ್ಲಿ ಜಾಗವೇ ಇಲ್ಲ. ಆಟದಲ್ಲಿ ಕೌಶಲ ಇದೆ ಎಂದ ಮಾತ್ರಕ್ಕೆ ಈ ಗೆಲುವು ಕೌಶಲದ್ದು ಎಂದಾಗುವುದಿಲ್ಲ. ನನ್ನ ಬೆರಳು ಸುದರ್ಶನ್ ಮೇಲೆ ಬಿದ್ದದ್ದನ್ನೂ, ಇನ್ನೊಬ್ಬ ಹತ್ತು ಪಂದ್ಯ ಅಭ್ಯಾಸ ಮಾಡಿ ಸುದರ್ಶನ್‌ನನ್ನೇ ಆರಿಸಿದ್ದನ್ನೂ ಆ ಪುಟ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಬೇರೆ ಮಾಡಿ ಹೇಳಬಲ್ಲವನು ನಾನೊಬ್ಬನೇ. ಪೂರಾ ಅದೃಷ್ಟದ ಆಟವಾಗಿದ್ದರೆ, ಲಾಟರಿಯ ಹಾಗೆ, ತಮ್ಮ ನನ್ನ ತಲೆಯನ್ನು ಹೊಗಳುತ್ತಲೇ ಇರಲಿಲ್ಲ. ಲಾಟರಿ ಹತ್ತಿದವನನ್ನು ನಾವು 'ನಸೀಬ್ದಾರ' ಎನ್ನುತ್ತೇವೆ, ಬುದ್ಧಿವಂತ ಎನ್ನುವುದಿಲ್ಲ. ಕೌಶಲ ನಿಜವಾಗಿಯೂ ಇರುವುದರಿಂದಲೇ ಅದೃಷ್ಟ ಅದರ ಅಂಗಿ ತೊಟ್ಟು ಓಡಾಡಲು ಸಾಧ್ಯವಾಗುವುದು.

ಮಹಾಭಾರತದ ನಳೋಪಾಖ್ಯಾನದಲ್ಲಿ, ರಾಜ್ಯವನ್ನೆಲ್ಲ ಜೂಜಿನಲ್ಲಿ ಸೋತ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆ ಮರ. ಋತುಪರ್ಣ ನೋಡಿದ ಮಾತ್ರಕ್ಕೆ ಅದರ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿ. ಹಿಂದೆ ದಾಳವಾಗಿ ಬಳಸುತ್ತಿದ್ದದ್ದು ಇದೇ ತಾರೆಕಾಯಿಯನ್ನು. ತನ್ನ ಅಶ್ವವಿದ್ಯೆ ಕೊಟ್ಟು ನಳ ಆ ಅಕ್ಷಹೃದಯವನ್ನು ಕಲಿಯುತ್ತಾನೆ, ಕಲಿತ ಕೂಡಲೇ ಅವನ ಮೈಯೊಳಗಿದ್ದ ಕಲಿ ಹೊರಬೀಳುತ್ತಾನೆ. ಜೂಜನ್ನು ಎಣಿಕೆಯ ವಿದ್ಯೆ ಎಂದು ಕಂಡ ಕಥೆ ಇದು. ನಮ್ಮ ಅರ್ಧ ಗಂಟೆಯ ಪೂರ್ವಜ ಎಂದರೂ ಸಂದೇಹವಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ಅದರ ಕೊನೆ. ನಳ ಮತ್ತೆ ಆಡಿ ಪುಷ್ಕರನನ್ನು ಸೋಲಿಸಿದ ಮೇಲೆ ಅವನನ್ನು ಕೊಲ್ಲುವುದಿಲ್ಲ. ಹಿಂದೆ ನನ್ನನ್ನು ಗೆದ್ದದ್ದು ನೀನಲ್ಲ, ಕಲಿ, ನಿನಗೆ ಅದು ತಿಳಿದಿಲ್ಲ ಎಂಬ ಅರ್ಥದ ಮಾತು ಹೇಳಿ, ಅವನ ಪಾಲನ್ನು ಕೊಟ್ಟು ಕಳಿಸುತ್ತಾನೆ. ಓದುವಾಗ ಇದು ಕ್ಷಮೆಯಂತೆ ಕಾಣುತ್ತದೆ. ಲೆಕ್ಕ ತಿದ್ದುವುದೂ ಹೌದು. ಪುಷ್ಕರ ಅಷ್ಟು ವರ್ಷ ರಾಜ್ಯವಾಳಿದ್ದು ತಾನು ಆಟ ಬಲ್ಲವನೆಂಬ ನಂಬಿಕೆಯಲ್ಲಿ. ಆ ನಂಬಿಕೆಯಿಂದಲೇ ಎರಡನೇ ಸಲ ಪಗಡೆಗೆ ಕೂತ.

ಪಶ್ಚಿಮದ ತತ್ತ್ವಶಾಸ್ತ್ರದಲ್ಲಿ ಈ ಚರ್ಚೆಗೆ ಒಂದು ಹೆಸರಿದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 'ನೈತಿಕ ಅದೃಷ್ಟ' ಎಂಬ ಮಾತಿನ ಸುತ್ತ ಬರೆದರು. ಇಬ್ಬರು ಒಂದೇ ರೀತಿ ಅಜಾಗರೂಕತೆಯಿಂದ ಗಾಡಿ ಓಡಿಸುತ್ತಾರೆ. ಒಬ್ಬನ ಮುಂದೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ಮುಂದೆ ಬರುವುದಿಲ್ಲ. ತಪ್ಪು ಒಂದೇ, ನಾವು ದೂಷಿಸುವ ಪ್ರಮಾಣ ಬೇರೆ ಬೇರೆ. ಇದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಓದಿದ ಮೇಲೆ ನನಗೆ ಅನಿಸಿದ್ದು, ದೂಷಣೆಯ ವಿಷಯದಲ್ಲಿ ನಾವೆಲ್ಲ ಒಳ್ಳೆಯ ವಕೀಲರು. ತಪ್ಪಾದಾಗ 'ನನ್ನ ಕೈಯಲ್ಲಿ ಏನಿತ್ತು, ಮಳೆ ಬಂತು, ಅಂಪೈರ್ ಕೊಟ್ಟ' ಎಂದು ನಮ್ಮ ಪಾಲನ್ನು ಗುಲಗಂಜಿಯಷ್ಟೂ ಬಿಡದೆ ಕಳೆಯುತ್ತೇವೆ. ಹೊಗಳಿಕೆ ಬಂದಾಗ ಆ ತಕ್ಕಡಿ ಮನೆಯೊಳಗೆ ಹೋಗಿಬಿಡುತ್ತದೆ. ಕೊಟ್ಟವನೂ ತೂಗುವುದಿಲ್ಲ, ಪಡೆದವನೂ ತೂಗುವುದಿಲ್ಲ. ಯಾರಿಗೂ ನಷ್ಟವಿಲ್ಲವಲ್ಲ ಎಂಬ ಭಾವ.

ನಷ್ಟ ಇತ್ತು, ಒಂದು ವರ್ಷ ತಡವಾಗಿ ಬಂತು. 2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದಿತು. ಚಿಕ್ಕಪ್ಪನ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಒಣಗಿ ದನದ ಮೇವಾಯಿತು. ಮುಂದಿನ ವರ್ಷದ ಬೀಜ-ಗೊಬ್ಬರಕ್ಕೆ ಚಿಕ್ಕಮ್ಮ ಸಂಘದಲ್ಲಿ ಸಾಲ ಎತ್ತಿದಳು. 2024ರ ಏಪ್ರಿಲ್-ಮೇ ತಿಂಗಳಲ್ಲಿ ತಮ್ಮ ಅದರಲ್ಲಿ ಮೂವತ್ತೈದು ಸಾವಿರವನ್ನು, ಒಂದೊಂದು ಪಂದ್ಯಕ್ಕೆ ಸ್ವಲ್ಪ ಸ್ವಲ್ಪವಾಗಿ ಕಳೆದ. ಅಷ್ಟೂ ದಿನ ಸಂಜೆ ಏಳಕ್ಕೆ ನನಗೆ ಸಂದೇಶ ಬರುತ್ತಿತ್ತು, ನಾನು ತಂಡ ಕಳಿಸುತ್ತಿದ್ದೆ. ದುಡ್ಡು ಹಾಕುತ್ತಾನೆ ಎಂದು ಆ ಹೊತ್ತಿಗೆ ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ. ಕೇಳಿದ್ದೆನೇ ಎಂದರೆ ಕೇಳಿರಲಿಲ್ಲ. ಕೇಳಿದರೆ ಕಳಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು, ನಿಲ್ಲಿಸಿದರೆ 'ತಲಿ ಅಂದ್ರ ತಲಿ' ಎನ್ನುವವರು ಯಾರು? ಸಂಶೋಧನಾ ವಿದ್ಯಾರ್ಥಿಯ ತಲೆಯನ್ನು ಊರಿನಲ್ಲಿ ಯಾರೂ ಸುಲಭಕ್ಕೆ ಹೊಗಳುವುದಿಲ್ಲ. 'ಇನ್ನೂ ಓದಾಕ್ಹತ್ತೀಯೇನಪ್ಪ' ಎಂಬುದೇ ನಮಗೆ ಸಿಗುವ ಪದವಿ.

ಆ ಎರಡು ತಿಂಗಳಲ್ಲಿ ಕಳಿಸಿದ ತಂಡಗಳಲ್ಲಿ ತಪ್ಪಿರಲಿಲ್ಲ. ಈಗಲೂ ಅವನ್ನು ತೆಗೆದು ನೋಡಿದರೆ ಸಮರ್ಥಿಸಿಕೊಳ್ಳಬಲ್ಲೆ. ಸೋತ ತಂಡಗಳೆಲ್ಲ ಯೋಚಿಸಿ ಕಟ್ಟಿದವು, ದೊಡ್ಡದಾಗಿ ಗೆದ್ದ ಒಂದೇ ತಂಡ ಕೈ ಜಾರಿದ್ದು. ತಮ್ಮ ಸಾಲದ ದುಡ್ಡು ಹಾಕಿದ್ದು ನನ್ನ ಯೋಚನೆಯ ಮೇಲಲ್ಲ, ಆ ಒಂದು ಜಾರುವಿಕೆಗೆ ನಾನು ಹೊದಿಸಿದ್ದ ಕಾರಣದ ಮೇಲೆ. ಆದ್ದರಿಂದ ನನ್ನ ಪಾಲು ಯಾವುದು ಎಂದು ಕೇಳಿಕೊಂಡಾಗ, ಆರಿಸಿದ್ದರಲ್ಲಿ ಅದು ಸಿಗುವುದಿಲ್ಲ. ಹಡಗಲಿಯವನು ಪ್ರಶ್ನೆ ಕೇಳಿದ್ದಕ್ಕೂ ನಾನು ಬಾಯಿ ತೆರೆದದ್ದಕ್ಕೂ ನಡುವಿನ ಕ್ಷಣದಲ್ಲಿ ಸಿಗುತ್ತದೆ. ತಮ್ಮನಿಗೆ ಅವನದೇ ಬುದ್ಧಿ ಇತ್ತು, ಸಾಲದ ದುಡ್ಡು ಮುಟ್ಟಿದ್ದು ಅವನ ಕೈ. ಅದನ್ನು ನಾನು ಹೊತ್ತುಕೊಂಡರೆ ಅದೂ ಒಂದು ಬಗೆಯ ದೊಡ್ಡಸ್ತಿಕೆ. ಆದರೆ ಅವನು ತೀರ್ಮಾನ ಮಾಡುವಾಗ ಅವನ ಮುಂದಿದ್ದ ಒಂದು ಸಂಗತಿ ಸುಳ್ಳಾಗಿತ್ತು, ಅದನ್ನು ಇಟ್ಟವನು ನಾನು.

ಋಗ್ವೇದದ ಹತ್ತನೇ ಮಂಡಲದಲ್ಲಿ ಜೂಜುಕೋರನ ಒಂದು ಸೂಕ್ತವಿದೆ. ಎಲ್ಲ ಕಳೆದುಕೊಂಡವನ ಗೋಳಿನ ಕೊನೆಗೆ ಅದು ಕೊಡುವ ಬುದ್ಧಿಮಾತು, ದಾಳ ಬಿಟ್ಟು ಹೊಲ ಉಳು ಎಂಬುದು. ಕೂಡ್ಲಿಗಿ, ಕೊಟ್ಟೂರು ಕಡೆಯ ಮಳೆಯಾಶ್ರಿತ ಹೊಲದಲ್ಲಿ ನಿಂತು ಅದನ್ನು ಓದಿದರೆ ನಗು ಬರುತ್ತದೆ. ಇಲ್ಲಿ ಹೊಲವೇ ದಾಳ. ಶೇಂಗಾ ಹಾಕಬೇಕೋ ಮೆಕ್ಕೆಜೋಳವೋ, ಯಾವ ಮಳೆಗೆ ಬಿತ್ತಬೇಕು, ಮೃಗಶಿರಕ್ಕೋ ಆರಿದ್ರಕ್ಕೋ, ಇಡೀ ಹೊಲಕ್ಕೆ ಒಂದೇ ಬೀಜವೋ ಅಕ್ಕಡಿ ಸಾಲೋ. ಕೈಯಲ್ಲಿರುವ ದುಡ್ಡಿನೊಳಗೆ ಹಿಡಿಸಬೇಕು, ಹೊತ್ತು ಮೀರಿದರೆ ತಿದ್ದುವಂತಿಲ್ಲ. ಚಿಕ್ಕಪ್ಪ ಮಾಡುವುದೂ ಆಯ್ಕೆಯೇ, ಅದರಲ್ಲಿ ನಲವತ್ತು ವರ್ಷದ ಕೌಶಲ ಇದೆ.

ಆದರೂ ಅವನ ಬಾಯಲ್ಲಿ ಒಂದು ವ್ಯತ್ಯಾಸ ಕೇಳಿದ್ದೇನೆ. ಒಳ್ಳೆಯ ವರ್ಷದ ಬಗ್ಗೆ ಅವನು 'ಬೆಳೆದೆ' ಎನ್ನುವುದಿಲ್ಲ, 'ಬೆಳಿ ಬಂತು' ಎನ್ನುತ್ತಾನೆ. 'ಮಳಿ ಕೈ ಹಿಡೀತು' ಎನ್ನುತ್ತಾನೆ. ಕೆಟ್ಟ ವರ್ಷ ಅದೇ ಮಳೆ ಕೈಕೊಡುತ್ತದೆ. ಗೆದ್ದಾಗಲೂ ಸೋತಾಗಲೂ ವಾಕ್ಯದ ಕರ್ತೃ ಮಳೆಯೇ. ಇದನ್ನು ಹಳ್ಳಿಯ ಜ್ಞಾನ ಎಂದು ತಲೆಯ ಮೇಲೆ ಹೊತ್ತು ಕುಣಿಯುವ ಆಸೆ ನನಗಿಲ್ಲ. ಪಕ್ಕದ ಹೊಲದವನ ಬೆಳೆ ಒಣಗಿದಾಗ ಇದೇ ಚಿಕ್ಕಪ್ಪ, 'ನಾ ಮೊದ್ಲೇ ಹೇಳಿದ್ದೆ' ಎಂದದ್ದೂ ಉಂಟು. ಮಳೆಯೇ ಕರ್ತೃ ಎಂದರೆ ಕಾಲುವೆ ತರದ ಸರ್ಕಾರವನ್ನು ಕೇಳುವವರೂ ಇರುವುದಿಲ್ಲ. ಅಷ್ಟಾದರೂ ತನ್ನ ಗೆಲುವಿನಲ್ಲಿ ತನ್ನದಲ್ಲದ ಪಾಲು ಎಷ್ಟು ಎಂದು ಹೇಳಲು ಅವನಿಗೊಂದು ವಾಕ್ಯ ಸಿದ್ಧವಿದೆ. ನನಗೆ ಇರಲಿಲ್ಲ. ಅಥವಾ ಇತ್ತು, ಎರಡೇ ಪದದ್ದು, ನಾನು ಹೇಳಲಿಲ್ಲ.

ತಮ್ಮನ ಸಾಲ ತೀರಿಸಲು ನಾನೂ ಕೈಲಾದಷ್ಟು ಕೊಟ್ಟೆ. ಯಾಕೆ ಕೊಟ್ಟೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅಣ್ಣ ಎಂದು ಕೊಟ್ಟ ಎಂದುಕೊಂಡರು. ಅದಕ್ಕೂ ಹೊಗಳಿಕೆ ಬಂತು. ಅದನ್ನೂ ಇಟ್ಟುಕೊಂಡೆ.

2025ರ ಕಾಯ್ದೆ ಬಂದ ಮೇಲೆ ದುಡ್ಡಿನ ಆಟ ನಿಂತಿತು. ತಮ್ಮ ಈಗ ದುಡ್ಡಿಲ್ಲದ ಸ್ಪರ್ಧೆಯಲ್ಲಿ ಆಡುತ್ತಾನೆ. ಮೊನ್ನೆ ಊರಿಗೆ ಹೋದಾಗ, ರಾತ್ರಿ ಕಟ್ಟೆಯ ಮೇಲೆ ಕೂತು ಅವನು ಮತ್ತೆ ಆ ಫೈನಲ್ ಎತ್ತಿದ. ಅವನ ಗೆಳೆಯರೂ ಇದ್ದರು, ಅವರ ಮುಂದೆ ಸುದರ್ಶನ್, ಎಡಗೈ, ಜಡೇಜನ ಸ್ಪಿನ್ ಎಂದು ನನ್ನ ಕಾರಣಗಳನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದ. ಅವರು ಎದ್ದು ಹೋದ ಮೇಲೆ ಹೇಳಿದೆ. ಅಂದು ಗಿಲ್‌ನನ್ನೇ ನಾಯಕ ಮಾಡಿದ್ದೆ, ನೆಟ್‌ವರ್ಕ್ ಇರಲಿಲ್ಲ, ಬೆರಳು ಜಾರಿತು, ಆಮೇಲೆ ಹೇಳಿದ್ದೆಲ್ಲ ಕಟ್ಟಿ ಹೇಳಿದ್ದು.

ಅವನು ನಕ್ಕ. 'ನನ್ನ ಸಮಾಧಾನಕ್ಕ ಹೇಳ್ತೀಯಣ್ಣ' ಎಂದ. ಇಲ್ಲ, ನಿಜ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಫೋನಿನಲ್ಲಿ ಆ ಹಳೆಯ ಚಿತ್ರ ಇನ್ನೂ ಇಟ್ಟುಕೊಂಡಿದ್ದ, ತೆಗೆದು ನೋಡಿದ. ಸುದರ್ಶನ್ ಹೆಸರಿನ ಮುಂದೆ ಆ ಸಣ್ಣ ದುಂಡು ಗುರುತು.

'ಜಾರಿದ್ರೂ ನಿನ್ನ ಕೈಯೇ ಅಲ್ಲೇನಣ್ಣ ಜಾರಿದ್ದು' ಎಂದ. ಫೋನು ಜೇಬಿಗೆ ಹಾಕಿಕೊಂಡು, ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದಾಳೆ ಎಂದು ಎದ್ದ.